ನಾದಿನಿ ಕೊಟ್ಟ ಇಂಟರ್‌ವ್ಯೂಗಳು

ನಮ್ಮ ನಾದಿನಿ, ಅಂದರೆ ನಮ್ಮ ಯಜಮಾನರ ತಂಗಿ, ರಾಯಚೂರಿನಲ್ಲಿ ಜೋಳದ ರೊಟ್ಟಿಯ ಕೇಂದ್ರ ನಡೆಸುತ್ತಾಳೆ. ಇಷ್ಟು ವರ್ಷಗಳಲ್ಲಿ ಆಕೆ ಕೆಲಸಕ್ಕೆಂದು ಒಬ್ಬರನ್ನೂ ಇಂಟರ್‌ವ್ಯೂ ಮಾಡಿದ್ದಿಲ್ಲ. ತಾನೇ ಊರೂರು ತಿರುಗಿ ಇಂಟರ್‌ವ್ಯೂ ಕೊಟ್ಟು ಬರುತ್ತಾಳೆ. ಕೆಲವು ಕಡೆ ಫೇಲ್ ಆಗಿದ್ದೂ ಉಂಟು!

ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಕೆಲಸ ಬೇಕಾದವರು ‘ಐ ಬೆಗ್ ಟು ಸ್ಟೇಟ್’ ಎಂದು ಅರ್ಜಿ ಬರೆಯಬೇಕು, ಕಾಲು ಜೋಡಿಸಿ ಕುರ್ಚಿಯ ತುದಿಯಲ್ಲಿ ಕೂರಬೇಕು, ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು ಎಂದು ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು. ಪಾಪ, ಆ ಸಿಸ್ಟರ್ ನಮ್ಮ ನಾದಿನಿಯನ್ನು ನೋಡಿರಲಿಲ್ಲ. ಯಾರಾದರೂ ಕೆಲಸ ಕೇಳಿಕೊಂಡು ಬಂದರೆ ಈಕೆ ಬಾಗಿಲಲ್ಲೇ ತಡೆಯುತ್ತಾಳೆ. “ನೀ ಹೋಗವಾ, ನಾ ಬರ್ತೀನಿ. ಮನಿ ಎಲ್ಲಿ?” ಮುಗಿಯಿತು! ಮುಂದಿನ ಭಾನುವಾರ ಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಸಕ್ಕರೆ ಪೊಟ್ಟಣ. ಜೊತೆಗೆ ನಾನು. ನಾನು ಯಾಕೆಂದರೆ, “ವೈನಿ, ನಿಮ್ಮ ಇಂಗ್ಲಿಷ್ ಕೇಳಿದ್ರ ಮಂದಿಗೆ ಒಂದು ನಂಬಿಗಿ ಬರ್ತದ” ಎನ್ನುತ್ತಾಳೆ. ಈ ವಯಸ್ಸಿನಲ್ಲಿ ನನ್ನ ಇಂಗ್ಲಿಷಿಗೆ ಸಿಕ್ಕಿರುವ ಏಕೈಕ ನೌಕರಿ ಇದು.

ದೇವದುರ್ಗ ದಾಟಿ ಜಾಲಹಳ್ಳಿಗೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಬಸ್ಸಿಳಿದು ಹಣ್ಣುಕಾಯಿ ಹಿಡಿದುಕೊಂಡು ಎರಡು ಬಿಳಿತಲೆಗಳು ಆ ಮನೆಯ ಮುಂದೆ ನಿಂತವು. ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

“ಯಾರನ್ನ ನೋಡಾಕ ಬಂದೀರಿ?”

“ನಿಮ್ಮ ಹುಡುಗಿನ್ನ. ಲಕ್ಷ್ಮವ್ವನ್ನ.”

“ಅಯ್ಯ ಯವ್ವಾ! ಆಕಿ ನನ್ನ ಸೊಸಿರೀ! ಎರಡು ಮಕ್ಕಳ ತಾಯಿ!”

ಅಷ್ಟರಲ್ಲಿ ಓಣಿಯೆಲ್ಲ ಸೇರಿತ್ತು. ಮದುವೆಯಾದವಳನ್ನೇ ಹೆಣ್ಣು ನೋಡಲು ಬಂದ ಮುದುಕಿಯರನ್ನು ಯಾರಿಗೆ ತಾನೇ ನೋಡುವ ಆಸೆಯಿರುವುದಿಲ್ಲ? ನಾನು “ಎಂಪ್ಲಾಯ್‌ಮೆಂಟ್, ಎಂಪ್ಲಾಯ್‌ಮೆಂಟ್” ಎಂದು ಕೈ ಆಡಿಸಿದೆ. ಯಾರಿಗೂ ಯಾವ ನಂಬಿಕೆಯೂ ಬರಲಿಲ್ಲ. ನಾದಿನಿ ಮಾತ್ರ ಕಟ್ಟೆಯ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡು ಹೇಳಿದಳು. “ನಿಮ್ಮ ಸೊಸಿ ನನ್ನ ಹತ್ರ ರೊಟ್ಟಿ ಬಡಿಯಾಕ ಬರ್ತೀನಿ ಅಂದಾಳ. ನಾ ಎಂಥಾಕಿ ಅಂತ ನೀವು ನೋಡಬ್ಯಾಡೇನು? ಏನ್ ಕೇಳೋದದ, ಕೇಳ್ರಿ.”

ಅತ್ತೆ ಶೇಂಗಾದ ಮೊರವನ್ನು ಪಕ್ಕಕ್ಕಿಟ್ಟಳು. ಒಬ್ಬಳ ಬೋರ್ಡ್ ಆಫ್ ಡೈರೆಕ್ಟರ್ಸ್!

“ಬೈತೀರೇನು?”

“ಬೈತೀನಿ.”

“ಹೊಡಿತೀರೇನು?”

“ಅಯ್ಯ, ಇಲ್ರೀ. ನನಗ ರಟ್ಟಿ ನೋವು.”

“ರಾತ್ರಿ ಎಲ್ಲಿ ಮಲಗಸ್ತೀರಿ?”

“ಹೆಣ್ಮಕ್ಕಳಿಗೆಲ್ಲ ಒಂದ ಖೋಲಿ ಅದ. ಒಳಗಿಂದ ಚಿಲಕ ಅದ. ಬಾಜೂಕ ನಾ ಮಲಗ್ತೀನಿ. ಗೊರಕಿ ಹೊಡಿತೀನಿ, ಅದೊಂದು ಮೊದಲಽ ಹೇಳ್ತೀನಿ.”

“ಹಬ್ಬಕ್ಕ ಕಳಸ್ತೀರಿ?”

“ಕಳಸ್ತೀನಿ. ಹಬ್ಬ ಮುಗದ ಮ್ಯಾಲ ಬರಲಿಲ್ಲಂದ್ರ ಇಲ್ಲೇ ಬಂದು ಕುಂದರ್ತೀನಿ.”

ಕೊನೆಗೆ ಅತ್ತೆ ಚಹಾ ಇಟ್ಟಳು. ನಾವು ಪಾಸಾದೆವು.

ಎಲ್ಲ ಕಡೆ ಹೀಗಾಗುವುದಿಲ್ಲ. ಯಾಪಲದಿನ್ನಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬಳು “ಮಧ್ಯಾಹ್ನ ಹುಡುಗಿಗೆ ಪಲ್ಯ ಏನ್ ಹಾಕ್ತೀರಿ?” ಎಂದು ಕೇಳಿದಳು. ನಾದಿನಿ “ಏನಿರ್ತದ ಅದು” ಎಂದಳು. ಅಜ್ಜಿ ಬಾಳೆಹಣ್ಣನ್ನು ನಮ್ಮ ಚೀಲಕ್ಕೇ ವಾಪಸು ಹಾಕಿದಳು. “ಏನಿರ್ತದ ಅದು ನಮ್ಮನ್ಯಾಗೂ ಇರ್ತದವಾ. ಅದಕ್ಕ ರಾಯಚೂರು ತನಕ ಯಾಕ ಹೋಗ್ಬೇಕು?” ರಿಜೆಕ್ಟೆಡ್! ಅಂದಿನಿಂದ ರೊಟ್ಟಿ ಕೇಂದ್ರದಲ್ಲಿ ಮಧ್ಯಾಹ್ನಕ್ಕೆ ಎರಡು ಪಲ್ಯ, ಒಂದು ಕಾಳು. ನಮ್ಮ ಸೋಲಿನ ರುಚಿಯನ್ನು ಈಗ ಎಲ್ಲರೂ ದಿನಾ ಉಣ್ಣುತ್ತಾರೆ.

ಕೆಲಸಕ್ಕೆ ಸೇರಿಸಿಕೊಳ್ಳುವ ಪರಿ ಹೀಗಿದ್ದರೆ, ನಡೆಸುವ ಪರಿ ಇನ್ನೂ ಚೆಂದ. ಸೋಮವಾರ ಸಂಜೆ ಚಹಾದ ಹೊತ್ತಿಗೆ ಹೆಣ್ಣುಮಕ್ಕಳೆಲ್ಲ ಸುತ್ತ ಕೂರುತ್ತಾರೆ, ನಾದಿನಿ ನಡುವೆ ಮಣೆಯ ಮೇಲೆ ಕೂರುತ್ತಾಳೆ. ಯಾರು ಏನು ಬೇಕಾದರೂ ಆಕೆಯನ್ನು ಬೈಯಬಹುದು. ತನ್ನ ಕಪ್ಪಿನ ಚಹಾ ಮುಗಿಯುವ ತನಕ ಆಕೆ ಬಾಯಿ ತೆರೆಯುವಂತಿಲ್ಲ. ಗ್ರೀವೆನ್ಸ್ ಸೆಲ್ ಅನ್ನಿ. ಬುದ್ಧಿವಂತೆ ನಾದಿನಿ ಮೊದಮೊದಲು ಚಹಾವನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತಿದ್ದಳು. ಹೆಣ್ಣುಮಕ್ಕಳು ಅವಳಿಗಿಂತ ಬುದ್ಧಿವಂತರು, ಕುದಿಕುದಿ ಚಹಾ ಕೊಡಲು ಶುರುಮಾಡಿದರು!

ಅಂಥ ಒಂದು ಸೋಮವಾರ ಹುಸೇನಬಿ ಎದ್ದು ನಿಂತಳು. ಹುಸೇನಬಿ ಮಾನ್ವಿಯವಳು, ಐವತ್ತು ದಾಟಿದವಳು, ದಿನಾ ಮೊದಲ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳು. ಒಲೆಗಳ ಸಾಲಿಗೆಲ್ಲ ಅವಳೇ ಕ್ಯಾಪ್ಟನ್. ಹೊಸಬರಿಗೆ ಕೈ ತಿದ್ದುವವಳು, ಜಗಳ ಬಿಡಿಸುವವಳು, ಬೇಕಾದರೆ ಹಚ್ಚುವವಳೂ ಅವಳೇ.

“ಅಕ್ಕಾ, ನೀವು ಹಿಟ್ಟಿಗೆ ಕೈ ಹಾಕೋದು ಬಿಡ್ರಿ” ಎಂದಳು. “ನೀವು ನಾದಿದ ಹಿಟ್ಟು ಬಿರಿತದ, ರೊಟ್ಟಿ ಹರಿತದ, ಗಿರಾಕಿ ನಮ್ಮನ್ನ ಬೈತಾರ. ಹೊರಗ ಕುಂತು ಫೋನ್ ಎತ್ರಿ, ಸಾಕು.”

ನಾದಿನಿಯ ಕಣ್ಣು ದೊಡ್ಡದಾಯಿತು. ಕಪ್ಪಿನಲ್ಲಿ ಚಹಾ ಇನ್ನೂ ಇತ್ತು. ಕುದಿಯುತ್ತಿತ್ತು. ಮುಗಿಯುವಷ್ಟರಲ್ಲಿ ಎಲ್ಲರೂ ಕೈ ಎತ್ತಿ ತೀರ್ಮಾನ ಮಾಡಿಯಾಗಿತ್ತು. ಆ ಕೇಂದ್ರದಲ್ಲಿ ಇಂದಿನವರೆಗೆ ಕೆಲಸದಿಂದ ತೆಗೆದುಹಾಕಲ್ಪಟ್ಟವಳು ಒಬ್ಬಳೇ ಒಬ್ಬಳು, ಅದರ ಯಜಮಾನಿ!

ಇಂಥ ಹುಸೇನಬಿಯೇ ಕಳೆದ ಚಳಿಗಾಲದ ಒಂದು ಸೋಮವಾರ ಬೈಯಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದಳು. ಮಾನ್ವಿ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಖಾನಾವಳಿ ಬರುತ್ತಿದೆ, ರೊಟ್ಟಿಯ ಕೆಲಸವನ್ನೆಲ್ಲ ನೀನೇ ನೋಡಿಕೊಳ್ಳಬೇಕೆಂದು ಕರೆದಿದ್ದಾರೆ, ಮನೆಯಿಂದ ನಡೆದೇ ಹೋಗಬಹುದು, ಬಸ್ಸಿನ ಕುಲುಕಾಟಕ್ಕೆ ಮಂಡಿ ಸೋತುಹೋಗಿದೆ ಎಂದಳು. “ನೀವು ಹ್ಯಾಂಗ ಹೇಳ್ತೀರಿ ಹಾಂಗ, ಅಕ್ಕಾ.”

ನಾದಿನಿಯ ಚಹಾ ತಣ್ಣಗಾಯಿತು. ದೊಡ್ಡ ಹಾಸ್ಟೆಲೊಂದರ ದಿನದ ಆರ್ಡರ್ ಆಗಷ್ಟೇ ಸಿಕ್ಕಿತ್ತು. ಹುಸೇನಬಿ ಇಲ್ಲದೆ ಅದನ್ನು ಪೂರೈಸುವುದು ಕಷ್ಟ, ಅದು ತಪ್ಪಿದರೆ ಅರ್ಧ ಒಲೆಗಳು ಆರಿದಂತೆ. ನಾನು ಸುಮ್ಮನಿರಲಾರದೆ “ಕೌಂಟರ್ ಆಫರ್ ಕೊಡು, ಬಾಂಡ್ ಬರೆಸಿಕೋ” ಎಂದೆ. ಆಕೆ ನನ್ನನ್ನು ನೋಡಿದ ನೋಟದಲ್ಲಿ ನನ್ನ ಇಂಗ್ಲಿಷಿನ ನೌಕರಿಯೂ ಹೋಗುವ ಹಾಗಿತ್ತು.

“ವೈನಿ, ಭಾನುವಾರ ಮಾನ್ವಿಗೆ ಹೋಗೋಣ. ಅಂವ ಎಂಥಾಂವ ನೋಡ್ತೀನಿ.”

ಏನಾದರೊಂದು ಐಬು ಹುಡುಕಲೆಂದೇ ಹೊರಟಿದ್ದಳು, ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ “ಹೊಗಿ ಇರ್ತದ ನೋಡ್ರಿ, ಗ್ಯಾರಂಟಿ ಹೊಗಿ ಇರ್ತದ” ಎಂದು ಜಪ ಮಾಡುತ್ತಿದ್ದಳು. ಖಾನಾವಳಿಯ ಮಾಲೀಕ ಮೂವತ್ತರ ಆಸುಪಾಸಿನ ಹುಡುಗ, ನಗುಮುಖದವನು.

“ಬರ್ರಿ ಯವ್ವಾ, ಊಟ ಇನ್ನೂ ಶುರು ಆಗಿಲ್ರೀ, ಮುಂದಿನ ವಾರ.”

“ಊಟ ಇರ್ಲಿ. ಪಾಯಖಾನಿ ತೋರಸಪಾ.”

“ಹಿತ್ತಲದಾಗ ಅದರೀ, ಲಗೂನ ಹೋಗ್ರಿ!”

“ಅವಸರಿಲ್ಲಪಾ. ನೋಡಾಕ!”

ಗುಡ್ ಹೆವೆನ್ಸ್! ನಾನು ನೆಲ ಬಿರಿಯಲಿ ಎಂದು ಪ್ರಾರ್ಥಿಸಿದೆ. ನಾದಿನಿ ಬಾಗಿಲು ತೆಗೆದು ನೋಡಿದಳು, ನಲ್ಲಿ ತಿರುಗಿಸಿದಳು. ನೀರು ಬಂತು. ಅಡುಗೆಮನೆಗೆ ಹೊಕ್ಕಳು. ಒಲೆಗಳ ಮೇಲೆ ಹೊಗೆ ಎಳೆಯುವ ದೊಡ್ಡ ಫ್ಯಾನು. ಕೆಳಗೆ ಕೂರಲಾಗದವರಿಗೆ ನಿಂತು ರೊಟ್ಟಿ ಬಡಿಯಲು ಎತ್ತರದ ಕಟ್ಟೆ. “ಹುಸೇನಬಿ ಅಮ್ಮಾಗ ಮಂಡಿ ನೋವು ಅಂದ್ರು, ಅದಕ್ಕ ಕಟ್ಟಿಸೀನ್ರಿ” ಎಂದನು ಹುಡುಗ. ನಾದಿನಿ ಕಟ್ಟೆಯನ್ನು ಕೈಯಿಂದ ಸವರಿದಳು. “ರಂಜಾನ್‌ದಾಗ?” “ಸಂಜಿಕ ಲಗೂ ಬಿಡ್ತೀನ್ರಿ.” “ಬೈತೀಯೇನು?” ಆ ಹುಡುಗ ತಲೆ ಕೆರೆದುಕೊಂಡು, “ಅಮ್ಮಾನಽ ನನಗ ಬೈತಾರ್ರೀ, ಈಗಾಗಲೇ ಎರಡು ಸಲ ಬೈದಾರ” ಎಂದ.

ವಾಪಸು ಬಸ್ಸಿನಲ್ಲಿ ಆಕೆ ಹೊಗೆಯ ಜಪ ಬಿಟ್ಟು ಕಿಟಕಿಗೆ ಮುಖ ಮಾಡಿ ಕುಳಿತಳು. ನನಗೇ ತಡೆಯಲಾಗಲಿಲ್ಲ. “ಹೊಗೆ ಅದ ಅಂತ ಹೇಳಿಬಿಡು. ಜಸ್ಟ್ ಎ ಲಿಟಲ್ ವೈಟ್ ಲೈ. ಹುಸೇನಬಿ ಎಲ್ಲಿಗೂ ಹೋಗೂದಿಲ್ಲ.”

ನಾದಿನಿ ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

“ನನ್ನ ಮದುವಿ ಮಾಡುಮುಂದ ನಮ್ಮಪ್ಪ, ಕಾಕಾ, ಎಲ್ರೂ ಆ ಮನಿ ನೋಡಾಕ ಹೋಗಿದ್ರು, ವೈನಿ. ನೀವಿನ್ನೂ ನಮ್ಮ ಮನಿಗೆ ಬಂದಿದ್ದಿಲ್ಲ. ಹೊರಗ ಕಟ್ಟಿ ಮ್ಯಾಲ ಕುಂತು, ಚಹಾ ಕುಡದು, ಛಲೋ ಅದ ಅಂತ ಎದ್ದು ಬಂದ್ರು. ಒಬ್ರೂ ಒಳಗ ಹೊಕ್ಕು ನೋಡ್ಲಿಲ್ಲ. ಒಂದು ಮಾತು ಕೇಳ್ಲಿಲ್ಲ.”

ಅಷ್ಟೇ. ಆ ಮನೆಯಲ್ಲಿ ಆಕೆ ಪಟ್ಟದ್ದೇನು ಎಂದು ನಮಗೆಲ್ಲ ಗೊತ್ತಿತ್ತು, ಆಕೆ ಎಂದೂ ಹೇಳಿರಲಿಲ್ಲ. ನಾನು ಮೊದಲ ಬಾರಿಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸುಮ್ಮನಾದೆ.

ಮರುದಿನ ಸೋಮವಾರ. ಚಹಾ ಬರುವ ಮೊದಲೇ ನಾದಿನಿ ಹುಸೇನಬಿಯ ಕೈ ಹಿಡಿದುಕೊಂಡಳು. “ಒಳಗ ಹೊಕ್ಕು ನೋಡ್ಕೊಂಡು ಬಂದೀನಿ. ಛಲೋ ಅದ. ಹೋಗು. ಹೊಗಿ ಇಲ್ಲ, ಹಾಳಾಗಲಿ!” ಎಲ್ಲರೂ ಅಳುತ್ತ ನಕ್ಕರು. ಹುಸೇನಬಿ ಹಟ ಹಿಡಿದು ಇನ್ನೂ ಕೆಲವು ದಿನ ಬಂದಳು. ಜಾಲಹಳ್ಳಿಯ ಲಕ್ಷ್ಮವ್ವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಲೆಗಳ ಉಸ್ತುವಾರಿ ಕಲಿಸಿದಳು. ಹಾಸ್ಟೆಲಿನ ಆರ್ಡರ್ ಉಳಿಯಿತು. ಲಕ್ಷ್ಮವ್ವ ಈಗ ಹುಸೇನಬಿಗಿಂತ ಜೋರಾಗಿ ಬೈಯುತ್ತಾಳೆ, ಅದೊಂದು ಸಮಾಧಾನ.

ಕೊನೆಯ ದಿನ ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೋದೆವು. ನಾದಿನಿ ಕಂಡಕ್ಟರನಿಗೆ “ನಮ್ಮ ಹುಡುಗಿ ಹೊಂಟಾಳ, ಕಿಟಕಿ ಬಾಜೂಕ ಕುಂದರಸಪಾ” ಎಂದಳು. ಆತ ಹುಡುಗಿಗಾಗಿ ಬಸ್ಸೆಲ್ಲ ಹುಡುಕಿದ. ಐವತ್ತು ದಾಟಿದ ಹುಡುಗಿ ಆಗಲೇ ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿದ್ದಳು. ವಯಸ್ಸಿನಲ್ಲಿ ನಾದಿನಿಗಿಂತ ಎಷ್ಟೋ ಚಿಕ್ಕವಳು, ಆದರೂ ತಾಯಿ ಮಗಳಿಗೆ ಮಾಡುವ ಹಾಗೆ ಆಕೆಯ ಕೆನ್ನೆಗಳನ್ನು ಮೃದುವಾಗಿ ನೀವಿ, ದೃಷ್ಟಿ ತೆಗೆಯಲು ತನ್ನ ಕಣತಲೆಗೆ ಬೆರಳೊತ್ತಿ ಲಟಲಟನೆ ಲಟಿಕೆ ಮುರಿದಳು.

ಬಸ್ಸು ಹೊರಟಿತು, ಧೂಳೂ ಇಳಿಯಿತು. ನಮ್ಮ ನಾದಿನಿ ಮಾತ್ರ ಮುಖ ಎತ್ತಿಕೊಂಡು, ಕಣ್ಣು ಮುಚ್ಚಿ, ಹಾಗೆಯೇ ನಿಂತಿದ್ದಳು.