ಮರಳು ಇರುವ ದಿಕ್ಕೇ ಪಶ್ಚಿಮ

ಮುರಾಫುಶಿ ದ್ವೀಪದ ಪ್ರವಾಸಿ ಕಡಲತೀರವು ದ್ವೀಪದ ಪಶ್ಚಿಮ ದಿಕ್ಕಿನಲ್ಲಿರುತ್ತದೆ. ಇದು ದ್ವೀಪ ಪರಿಷತ್ತು ಸರ್ವಾನುಮತದಿಂದ ಒಪ್ಪಿ, ಮೊಹರು ಹಾಕಿ, 'ಮುರಾಫುಶಿಗೆ ಬರುವವರಿಗೆ ಪ್ರಾಯೋಗಿಕ ಸಲಹೆಗಳು' ಎಂಬ ಕೈಪಿಡಿಯ ಏಳನೇ ಪುಟದಲ್ಲಿ ಅಚ್ಚು ಹಾಕಿಸಿದ ಸತ್ಯ. ಕೈಪಿಡಿ ಬರೆದವನು ನಾನೇ, ಪರಿಷತ್ತಿನ ಗುಮಾಸ್ತ ಶಮ್ಮೂನ್.

ಉಳಿದ ಸಲಹೆಗಳೂ ಅಷ್ಟೇ ತೂಕದವು. ಟೋಪಿ ತನ್ನಿ. ಕಾಯಿ ಬಿಟ್ಟ ತೆಂಗಿನ ಮರದ ಕೆಳಗೆ ಮಲಗಬೇಡಿ. ಶುಕ್ರವಾರ ದೋಣಿ ಇಲ್ಲ, ಆ ದಿನ ಹೊರಡುವ ಆಸೆ ಬೇಡ. ಈಜುಡುಗೆಯಲ್ಲಿ ಓಡಾಡುವುದು ತೆಂಗಿನ ಗರಿಯ ತಡಿಕೆ ಕಟ್ಟಿದ ಪ್ರವಾಸಿ ತೀರದಲ್ಲಿ ಮಾತ್ರ, ಆ ತಡಿಕೆಯೊಳಗೆ ಊರವರಿಗೆ ಪ್ರವೇಶವಿಲ್ಲ. ಸಂಜೆ ತೀರದಲ್ಲಿ ಕುಳಿತು ಸೂರ್ಯಾಸ್ತ ನೋಡಿ.

ನಮ್ಮ ದ್ವೀಪದ ಮರಳು ಒಂದು ಕಡೆ ನಿಲ್ಲುವಂಥದ್ದಲ್ಲ. ಈಶಾನ್ಯದ ಗಾಳಿ ಬೀಸುವಾಗ ಪಶ್ಚಿಮಕ್ಕೆ ಹೋಗುತ್ತದೆ, ಮೇ ತಿಂಗಳಲ್ಲಿ ಗಾಳಿ ತಿರುಗಿದರೆ ದ್ವೀಪವನ್ನು ಅರ್ಧ ಸುತ್ತಿ ಪೂರ್ವಕ್ಕೆ ಬಂದು ಬೀಳುತ್ತದೆ. ಇದು ನಮ್ಮ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಕೈಪಿಡಿ ಸಮಿತಿಯಲ್ಲಿ ಮಕ್ಕಳಿರಲಿಲ್ಲ. ಪರಿಷತ್ತಿನ ಅಧ್ಯಕ್ಷ ಜಲೀಲ್, ಅತಿಥಿಗೃಹದ ಮಾಲೀಕ ಫಿರಾಕ್ ಮತ್ತು ರಾಜಧಾನಿ ಮಾಲೆಯಿಂದ ಬಂದ ಒಬ್ಬ ತಜ್ಞರಿದ್ದರು. ತಜ್ಞರು ಬಂದದ್ದು ಮಾರ್ಚ್‌ನಲ್ಲಿ. ಮರಳು ಪಶ್ಚಿಮದಲ್ಲಿತ್ತು. ನಾನು ಬಾಯಿ ತೆರೆದೆ. "ತಜ್ಞರಿಗಿಂತ ನೀನು ಹೆಚ್ಚೇನಯ್ಯಾ?" ಎಂದರು ಜಲೀಲ್. ಮುಚ್ಚಿಕೊಂಡೆ.

ಜೂನ್‌ನಲ್ಲಿ ಚೆಕ್ ದೇಶದ ದಂಪತಿ ಬಂದರು. ಶಿಸ್ತಿನ ಜನ. ಏಳನೇ ಪುಟ ನೋಡಿಕೊಂಡು ಪಶ್ಚಿಮಕ್ಕೆ ಹೋದರು. ಅಲ್ಲಿ ತಡಿಕೆ ಇತ್ತು, ಫಲಕವಿತ್ತು, ಮರಳಿರಲಿಲ್ಲ. ಚೂಪು ಕಲ್ಲುಗಳ ಮೇಲೆ ಟವೆಲ್ ಹಾಸಿ ಎರಡು ದಿನ ಮಲಗಿದರು. ಗಂಡನ ಮೊಣಕೈಗೆ ನಾನೇ ಪಟ್ಟಿ ಕಟ್ಟಿದೆ. ಮೂರನೇ ದಿನ ಅವರು ಕೈಪಿಡಿಯನ್ನು ಧಿಕ್ಕರಿಸಿ ಪೂರ್ವದ ಮರಳಿನಲ್ಲಿ, ಜುಲೈಖಾ ಅಜ್ಜಿಯ ಪಕ್ಕ ಹೋಗಿ ಕೂತರು.

ಜುಲೈಖಾ ಅಜ್ಜಿ ಪೂರ್ವದ ದಡದಲ್ಲಿ ನಾರು ಮಾಡುವಾಕೆ. ತೆಂಗಿನ ಸಿಪ್ಪೆಯನ್ನು ದಡದ ಗುಂಡಿಯಲ್ಲಿ ಹೂತು, ಉಪ್ಪುನೀರಲ್ಲಿ ತಿಂಗಳುಗಟ್ಟಲೆ ನೆನೆಸಿ, ಆಮೇಲೆ ಕೊಡತಿಯಿಂದ ಬಡಿದು ಹಗ್ಗ ಹೊಸೆಯುತ್ತಾಳೆ. ಗುಂಡಿ ನಾರುತ್ತದೆ, ಸುಳ್ಳು ಹೇಳಬಾರದು. ಫಿರಾಕ್‌ನ ಅತಿಥಿಗೃಹದ ಅಂಗಳದಲ್ಲಿ ಪ್ರವಾಸಿಗರು ಕಾಲು ಚಾಚಿ ತೂಗುವ ಬಲೆಕುರ್ಚಿಗಳೆಲ್ಲ ಆ ನಾರುವ ಗುಂಡಿಯಿಂದ ಎದ್ದು ಬಂದವೇ. ಅಜ್ಜಿ ಆ ದಂಪತಿಗೆ ಎಳನೀರು ಕೊಟ್ಟಳು, ತೆಂಗಿನತುರಿ ಬೆರೆಸಿದ ಮೀನು, ರೊಟ್ಟಿ ಕೊಟ್ಟಳು. ಅವರು ಊರಿಗೆ ಹೋಗಿ, ತೀರ ತಪ್ಪು ದಿಕ್ಕಿನಲ್ಲಿದೆ ಎಂದು ದೂರು ಬರೆದರು.

ತುರ್ತು ಸಭೆ ಸೇರಿತು. ಕೈಪಿಡಿ ತಿದ್ದಬಹುದೇ ಎಂಬುದು ಮೊದಲ ಪ್ರಶ್ನೆ. ತಿದ್ದಬೇಕಾದರೆ ಅದೇ ತಜ್ಞರು ಬಂದು ಕಣ್ಣಾರೆ ನೋಡಬೇಕು. ಅವರಿಗೆ ಬಿಡುವಿರುವುದು ಮಾರ್ಚ್‌ನಲ್ಲಿ. ಮಾರ್ಚ್‌ನಲ್ಲಿ ತಿದ್ದುವುದಕ್ಕೆ ಏನೂ ಇರುವುದಿಲ್ಲ. ಆದ್ದರಿಂದ ಕೈಪಿಡಿ ಸರಿಯಾಗಿದೆ ಎಂದು ತೀರ್ಮಾನವಾಯಿತು. ಎರಡನೆಯದಾಗಿ ಮರಳಿಗೆ ನೋಟಿಸ್ ಕೊಡಲಾಯಿತು: 'ಪೂರ್ವಾನುಮತಿಯಿಲ್ಲದೆ ಸ್ಥಳ ಬಿಟ್ಟಿರುವ ನೀವು ಏಳು ದಿನಗಳೊಳಗೆ ಹಿಂದಿರುಗತಕ್ಕದ್ದು.' ತೆಂಗಿನ ಮರವೊಂದಕ್ಕೆ ಅಂಟಿಸಿ ಬಂದೆ. ಮರಳು ಉತ್ತರಿಸಲಿಲ್ಲ.

ಎಂಟನೆಯ ದಿನ ಹತ್ತೊಂಬತ್ತನೇ ನಿರ್ಣಯ ಅಂಗೀಕಾರವಾಯಿತು: 'ಮರಳು ಯಾವ ದಿಕ್ಕಿನಲ್ಲಿರುತ್ತದೆಯೋ ಆ ದಿಕ್ಕನ್ನು ಸದರಿ ಅವಧಿಗೆ ಪಶ್ಚಿಮವೆಂದು ಪರಿಗಣಿಸತಕ್ಕದ್ದು.' ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸದಸ್ಯರೇ ಎಲ್ಲ, ಕೈ ಎತ್ತಿದರು. ಸೂರ್ಯಾಸ್ತವನ್ನು ಬೆಳಿಗ್ಗೆ ಆರಕ್ಕೆ ಬದಲಾಯಿಸಲಾಯಿತು. ಪ್ರವಾಸಿಗರು ಆಕಳಿಸುತ್ತ ಬಂದು, ಚಿತ್ರ ತೆಗೆದುಕೊಂಡು, ಇಷ್ಟು ಹೊತ್ತು ಮುಳುಗದೆ ಉಳಿಯುವ ಸೂರ್ಯನನ್ನು ಎಲ್ಲೂ ನೋಡಿರಲಿಲ್ಲವೆಂದು ಹೊಗಳಿದರು.

ತಡಿಕೆ ಕಿತ್ತು ಪೂರ್ವದಲ್ಲಿ ಕಟ್ಟಿದೆವು. ಕಟ್ಟಿ ಮುಗಿಸಿ ನೋಡಿದರೆ ಜುಲೈಖಾ ಅಜ್ಜಿ ತಡಿಕೆಯೊಳಗಿದ್ದಳು.

"ಅಜ್ಜೀ, ನೀವೀಗ ಪ್ರವಾಸಿ ತೀರದಲ್ಲಿದ್ದೀರಿ," ಅಂದರು ಜಲೀಲ್.

"ನಾನೆಲ್ಲೂ ಹೋಗಿಲ್ವಲ್ಲೋ ಜಲೀಲ. ಮದುವೆಯಾದಾಗಿಂದ ಇದೇ ಜಾಗದಲ್ಲಿ ಕೂತಿದೀನಿ."

"ನೀವು ಬರಲಿಲ್ಲ, ಒಪ್ತೀನಿ. ತೀರ ಬಂದಿದೆ."

"ಬಂದಿದ್ದಕ್ಕೆ ಹೇಳು, ಹೋಗು ಅಂತ."

"ಹೇಳಿ ಆಯ್ತು. ನೋಟಿಸೂ ಕೊಟ್ವಿ."

"ಅಯ್ಯೋ ನಿನ್ನ! ನೀನು ಹುಟ್ಟಿದಾಗ ನಿನ್ನ ಹೊಕ್ಕುಳಬಳ್ಳಿ ಕೊಯ್ದದ್ದು ಇದೇ ಕೈ ಕಣೋ. ಆಗ್ಲೇ ಗೊತ್ತಾಗಬೇಕಿತ್ತು, ಅಳೋಕೂ ಯಾರಾದರೂ ಅಪ್ಪಣೆ ಕೊಡ್ಲಿ ಅಂತ ಕಾಯ್ತಿದ್ದೆ." ಅಜ್ಜಿ ಕೊಡತಿ ಕೆಳಗಿಟ್ಟಳು. "ನೋಡಪ್ಪ, ಸಿಪ್ಪೆ ಇನ್ನೊಂದೂವರೆ ತಿಂಗಳು ನೆನೀಬೇಕು. ಈಗ ಕಿತ್ರೆ ನಾರು ಬಿಡಲ್ಲ, ವರ್ಷದ ದುಡಿಮೆ ಹಾಳಾಗಿ ಹೋಗುತ್ತೆ. ಅಲ್ಲೀವರ್ಗೂ ನಾನು ಏಳೋಳಲ್ಲ."

ಊರವಳಾಗಿ ತಡಿಕೆಯೊಳಗೆ ಇರುವಂತಿಲ್ಲ. ಸಿಪ್ಪೆ ಬಿಟ್ಟು ಹೊರಗೂ ಬರುವುದಿಲ್ಲ. ಫಿರಾಕ್‌ಗೆ ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಅಜ್ಜಿ ಅವನಿಗೆ ಸೋದರತ್ತೆ. ಅವನೇ ದಾರಿ ತೋರಿಸಿದ. "ಅತ್ತೇನ ಪ್ರವಾಸಿ ಅಂತ ಬರೆಸಿಬಿಡೋಣ. ಆಗ ಒಳಗಿರಬಹುದು."

ಅಧ್ಯಕ್ಷರಿಗೆ ಕಣ್ಣೀರೇ ಬಂತು, ಕಾನೂನಿನಲ್ಲಿ ಇಷ್ಟು ಕರುಣೆಯಿದೆಯೆಂದು ಅವರಿಗೂ ಗೊತ್ತಿರಲಿಲ್ಲ. ನಾನು ನೋಂದಣಿ ಪುಸ್ತಕ ತಂದೆ.

"ಎಲ್ಲಿಂದ ಬಂದಿರಿ?"

"ನಮ್ಮವ್ವನ ಹೊಟ್ಟೆಯಿಂದ."

'ಇತರೆ' ಎಂದು ಗುರುತು ಹಾಕಿದೆ.

"ಬಂದ ಉದ್ದೇಶ?"

"ಸಿಪ್ಪೆ ಬಡಿಯೋಕೆ."

'ವಿಶ್ರಾಂತಿ' ಎಂದು ಬರೆದೆ. ಆ ಕಲಂನಲ್ಲಿ ಬೇರೆ ಆಯ್ಕೆ ಇರಲಿಲ್ಲ. ಒಬ್ಬರು ಏಕಕಾಲಕ್ಕೆ ಊರವರೂ ಪ್ರವಾಸಿಯೂ ಆಗುವಂತಿಲ್ಲವಾದ್ದರಿಂದ ನಿವಾಸಿಗಳ ಪಟ್ಟಿಯಿಂದ ಆಕೆಯ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದೆ. ಕೈಗೆ ನೀಲಿ ಪಟ್ಟಿ ಕಟ್ಟಿ, ಕೈಪಿಡಿಯ ಒಂದು ಪ್ರತಿ ಕೊಟ್ಟೆ. ಆಕೆ ಅದರಿಂದ ಗಾಳಿ ಬೀಸಿಕೊಂಡಳು. ಪ್ರವಾಸಿಗರು ಆಕೆಯೊಂದಿಗೆ ಚಿತ್ರ ತೆಗೆಸಿಕೊಂಡರು. ಒಬ್ಬಾಕೆ, ನೀವೂ ಮೊದಲ ಸಲ ಬಂದಿರುವುದೇ ಎಂದು ಕೇಳಿದಳು.

ಪ್ರವಾಸಿಗೆ ಮೂವತ್ತು ದಿನದ ವಾಸ, ಆಮೇಲೆ ದ್ವೀಪ ಬಿಡಲೇಬೇಕು. ಇಪ್ಪತ್ತೊಂಬತ್ತನೆಯ ದಿನ ಅದು ನನ್ನ ಕಣ್ಣಿಗೆ ಬಿತ್ತು. ಕಂಡದ್ದನ್ನು ಕಾಣದಂತೆ ಇದ್ದುಬಿಡಬಹುದಿತ್ತು. ಇರಲಿಲ್ಲ, ಅಧ್ಯಕ್ಷರ ಮೇಜಿನ ಮೇಲೆ ಟಿಪ್ಪಣಿ ಇಟ್ಟೆ. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಜ್ಜಿಯ ಮಗಳು ಶಿಯಾನಾ ಪರಿಷತ್ತಿಗೆ ಓಡಿಬಂದಳು. "ಹದಿನೈದೇ ದಿನ ಅಣ್ಣಾ. ಸಿಪ್ಪೆ ತೆಗೆಯೋವರೆಗೆ. ಅವಧಿ ಹೆಚ್ಚಿಸೋ ಅರ್ಜಿ ನಾನು ಕೊಡ್ತೀನಿ."

"ಕೊಡು ತಾಯಿ, ಯಾರು ಬೇಡ ಅಂದ್ರು?" ಎಂದರು ಜಲೀಲ್. "ಆದರೆ ಪ್ರವಾಸಿಯ ಸಂಬಂಧಿಕರು ಕೊಡೋ ಹಾಗಿಲ್ಲ. ಊರಿನ ಬೇರೆ ಯಾರಾದರೂ ಕೊಡಲಿ."

ನಮ್ಮದು ಮುನ್ನೂರು ಜನರ ದ್ವೀಪ. ಶಿಯಾನಾ ಮನೆಮನೆ ಸುತ್ತಿದಳು. ಎಲ್ಲರೂ ಸಹಿ ಹಾಕಲು ತಯಾರಿದ್ದರು, ಎಲ್ಲರೂ ಸಂಬಂಧಿಕರಾಗಿದ್ದರು. ಅರ್ಜಿಯ ಪರಿಶೀಲನೆಗೆ ಕೂರಬೇಕಿದ್ದ ಅಧ್ಯಕ್ಷರೂ ಅಜ್ಜಿಯ ತಂಗಿಯ ಅಳಿಯನಾದ್ದರಿಂದ ನ್ಯಾಯವಾಗಿ ಹಿಂದೆ ಸರಿದರು.

ಗುರುವಾರ ಬೆಳಿಗ್ಗೆಯ ದೋಣಿಗೆ ಊರೆಲ್ಲ ಕಟ್ಟೆಗೆ ಬಂದಿತ್ತು. ಅಧ್ಯಕ್ಷರು ಹೂಮಾಲೆ ಹಾಕಿ, ಮತ್ತೊಮ್ಮೆ ನಮ್ಮ ದ್ವೀಪಕ್ಕೆ ಬನ್ನಿ ಎಂದರು. ರಾಜಧಾನಿ ಮಾಲೆಯಲ್ಲಿ ಅಜ್ಜಿಯ ತಮ್ಮನ ಮಗನಿಗೆ ಆರನೇ ಮಹಡಿಯಲ್ಲಿ ಒಂದು ಕೋಣೆಯಿದೆ, ಅಲ್ಲಿಗೆ.

"ನನ್ನ ಸಿಪ್ಪೆ ಯಾರು ತೆಗೀತೀರೋ?" ಎಂದು ದೋಣಿಯಿಂದ ಕೂಗಿದಳು ಅಜ್ಜಿ.

ಗುಂಡಿ ಈಗ ಪ್ರವಾಸಿ ತೀರದಲ್ಲಿದೆ, ಊರವರು ಮುಟ್ಟುವಂತಿಲ್ಲ. ಪ್ರವಾಸಿಗರು ವಾಸನೆಯೆಂದು ದೂರಿದ ಮೇಲೆ ಮುಂದಿನ ವಾರ ಪರಿಷತ್ತು ವಿಶೇಷಾನುಮತಿ ಪಡೆದು ಅದನ್ನು ಬಗೆಸಿ, ಕಡಲಿಗೆ ಸುರಿಸಿತು.

ಶಿಯಾನಾ ಮತ್ತೆ ಬಂದಳು. ಅಳು ಮುಗಿದಿತ್ತು. "ಅಮ್ಮ ಇನ್ನು ಯಾವಾಗ ಬರಬಹುದು?" ಎಂದು ಕೇಳಿದಳು.

ಯಾವಾಗ ಬೇಕಾದರೂ ಬರಬಹುದು, ನಮ್ಮ ದ್ವೀಪ ಎಲ್ಲರಿಗೂ ತೆರೆದಿದೆ ಎಂದೆ. ಜನವರಿಯಿಂದ ಏಪ್ರಿಲ್ ಹಿತವಾದ ಕಾಲ, ಆಗ ಜನದಟ್ಟಣೆ, ಕೋಣೆಯನ್ನು ಮುಂಚಿತವಾಗಿ ಕಾದಿರಿಸಿಕೊಳ್ಳುವುದು ಒಳ್ಳೆಯದು ಎಂದು ಒಂಬತ್ತನೇ ಪುಟವನ್ನು ಓದಿ ಹೇಳಿದೆ. ಶಿಯಾನಾ ತಲೆಯಾಡಿಸಿ, ನೇರ ಫಿರಾಕ್‌ನ ಅತಿಥಿಗೃಹಕ್ಕೆ ಹೋಗಿ ಅಮ್ಮನ ಹೆಸರಿಗೆ ಜನವರಿಯ ಒಂದು ವಾರ ಕಾದಿರಿಸಿದಳು. ಕೋಣೆಯ ಕಿಟಕಿ ತೆರೆದರೆ ಎದುರಿಗೇ ಅಜ್ಜಿಯ ಮನೆಯ ಅಂಗಳ ಕಾಣುತ್ತದೆ, ಅದಕ್ಕೇ ಬಾಡಿಗೆ ತುಸು ಹೆಚ್ಚು.