ಅತ್ತೆಯ ಮುಂದೆ ಅಪೊಸ್ತಲರ ವಿದ್ಯೆ

ಮಾತಿನಿಂದ ಮನಸ್ಸು ಗೆಲ್ಲುವುದು ಕಲಿತರೆ ಬರುವ ವಿದ್ಯೆ ಎಂದು ನಾನು ನಂಬಿದ್ದೆ. ಧಾರಾಪುರದ ಬಸ್ ಹತ್ತುವಾಗಲೂ ನಂಬಿದ್ದೆ.

ಹೆಂಡತಿ ರುಕ್ಮಿಣಿ ತೀರಿಕೊಂಡ ಮೇಲೆ ನಮ್ಮ ಮಗಳನ್ನು ಅತ್ತೆ ಧಾರಾಪುರಕ್ಕೆ ಕರೆದುಕೊಂಡು ಹೋಗಿದ್ದರು. ತಿರುಪ್ಪೂರಿನ ಮನೆಯಲ್ಲಿ ನಾನೊಬ್ಬನೇ. ಬನಿಯನ್ ಕಂಪನಿಯಿಂದ ಬಂದರೆ ಕೂರಲು ಆಗುತ್ತಿರಲಿಲ್ಲ. ಅಡುಗೆಮನೆಗೆ ಹೋಗುವುದು, ಯಾಕೆ ಬಂದೆ ಎಂದು ನಿಲ್ಲುವುದು, ಮತ್ತೆ ಹೊರಗೆ ಬರುವುದು. ಶಾಲೆ ತೆರೆಯುವುದರೊಳಗೆ ಮಗಳನ್ನು ಕರೆತರಲೇಬೇಕಿತ್ತು. ಆದರೆ ಅತ್ತೆಯ ಮುಂದೆ ನನಗೆ ಮಾತೇ ಹೊರಡುವುದಿಲ್ಲ.

ಪಕ್ಕದ ಮನೆಯ ಜ್ಞಾನರಾಜ್ ಚರ್ಚಿನಲ್ಲಿ ಉಪದೇಶಿ. ಯೇಸುವಿನ ಸಂದೇಶ ಸಾರುತ್ತ ಊರೂರು ತಿರುಗಿದ ಅಪೊಸ್ತಲರ ಭಾಷಣಗಳಲ್ಲಿ ಅವರು ಪಂಡಿತರು. ಅಥೆನ್ಸಿನಲ್ಲಿ ಒಬ್ಬ ಅಪೊಸ್ತಲರು ಊರವರನ್ನು ಬೈಯಲಿಲ್ಲವಂತೆ. ‘ನೀವು ಬಹಳ ದೈವಭಕ್ತರು’ ಎಂದು ಶುರುಮಾಡಿ, ಅವರದೇ ಬಲಿಪೀಠ ತೋರಿಸಿ, ಅಲ್ಲಿಂದ ತಮ್ಮ ಮಾತಿಗೆ ಬಂದರಂತೆ. ರಾಜನ ಮುಂದೆ ನಿಂತಾಗ ತಾವು ಹಿಂದೆ ಎಂಥವರಾಗಿದ್ದೆವು ಎಂಬುದನ್ನು ಮುಚ್ಚಿಡದೆ ಹೇಳಿ, ಆಮೇಲೆ ಬದಲಾದ ಬಗೆಯನ್ನು ಹೇಳಿದರಂತೆ.

“ಅತ್ತೆಯ ಹತ್ತಿರ ಇದು ನಡೆಯುತ್ತಾ?” ಎಂದೆ.

“ರಾಜರ ಹತ್ತಿರವೇ ನಡೆದಿದೆ ಸಾರ್.”

ಬಸ್ಸಿನಲ್ಲಿ ಪಿಸುದನಿಯಲ್ಲಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಜಗುಲಿಯ ಅಂಚಿನಲ್ಲಿ ಮಾವ ಕಂಬಕ್ಕೊರಗಿ ಕೂತಿದ್ದರು. ಅತ್ತೆ ಕಾಫಿ ಕೊಟ್ಟರು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಒಳಗಿನ ದೇವರ ಗೂಡಿನತ್ತ ಕೈ ತೋರಿ ಆರಂಭಿಸಿದೆ.

“ಅತ್ತೆ, ಇಂಥ ಮನೆ ಎಲ್ಲೂ ನೋಡಿಲ್ಲ. ಬೆಳಗಾದ್ರೆ ದೀಪ, ಹೊತ್ತಿಗೆ ಸರಿಯಾಗಿ ಊಟ, ಮಕ್ಕಳಿಗೆ ಒಳ್ಳೆ ಬುದ್ಧಿ. ಎಲ್ಲಾ ನಿಮ್ಮ ಭಕ್ತಿ.”

ಅತ್ತೆಯ ಮುಖ ಅರಳಿತು. “ಕೇಳುದ್ರಾ? ಮಗು ಇಲ್ಲೇ ಇರ್ಲಿ ಅಂತ ಹೇಳೋಕೆ ಪಾಪ ಮಾಪಳೆ ಇಷ್ಟು ದೂರ ಬಂದವ್ರೆ,” ಎಂದು ಮಾವನಿಗೆ ಹೇಳಿದರು. ಮಾಪಳೆ ಎಂದರೆ ಅಳಿಯ, ಅಂದರೆ ನಾನು.

ಮಾತು ತಿರುಗಿಬಿದ್ದಿತ್ತು. ಆದರೂ ರಾಜಸಭೆಯ ಭಾಗ ಬಾಕಿ ಇತ್ತಲ್ಲ. ಅನ್ನ ಸೀಯಿಸಿದ್ದು, ಹಾಲಿಟ್ಟು ಬೀದಿಗೆ ಹೋಗಿ ಮರೆತದ್ದು, ಸ್ಟೌ ಪಕ್ಕ ಒಣಹಾಕಿದ ಲುಂಗಿಗೆ ಬೆಂಕಿ ಹತ್ತಿದ್ದು, ಒಂದನ್ನೂ ಬಿಡದೆ ಹೇಳಿದೆ. ಈಗ ಬದಲಾಗಿದ್ದೇನೆ ಎನ್ನುವಷ್ಟರಲ್ಲಿ ಅತ್ತೆ ತಡೆದರು.

“ಲುಂಗಿ ಹತ್ಕೊಂಡಿದ್ದು ಯಾವತ್ತು?”

“ಮೊನ್ನೆ.”

ಅಪೊಸ್ತಲರಿಗೆ ಪಶ್ಚಾತ್ತಾಪಕ್ಕೂ ರಾಜಸಭೆಗೂ ನಡುವೆ ವರ್ಷಗಳು ಸಿಕ್ಕಿದ್ದವು. ನನಗೆ ಒಂದು ಭಾನುವಾರವೂ ಸಿಕ್ಕಿರಲಿಲ್ಲ.

ಗಾಬರಿಗೆ ಮಾತು ಉದ್ದವಾಯಿತು. ಹಿಂದೊಮ್ಮೆ ಅಪೊಸ್ತಲರ ಉದ್ದನೆಯ ಪ್ರವಚನ ಕೇಳುತ್ತ ನಿದ್ದೆಹೋದ ಯುವಕನೊಬ್ಬ ಕಿಟಕಿಯಿಂದ ಬಿದ್ದಿದ್ದನಂತೆ. ನಮ್ಮ ಮಾವ ಜಗುಲಿಯಿಂದ ಬಿದ್ದರು. ಜಗುಲಿ ಗಿಡ್ಡ, ಪೆಟ್ಟಾಗಲಿಲ್ಲ.

“ಮುಗೀತಾ?” ಎಂದು ಮಣ್ಣು ಕೊಡವುತ್ತ ಕೇಳಿದರು.

ಆಗ ಮಗಳು ಹತ್ತಿರ ಬಂದಳು. “ಅಪ್ಪ, ಉಂಡ್ಯಾ?”

ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. “ಇಲ್ಲಮ್ಮ. ಆ ಮನೇಲಿ ನಂಗೆ ಕೂರಕ್ಕೇ ಆಗ್ತಿಲ್ಲ,” ಎಂದೆ.

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. “ನಂಗ್ ಮಾತ್ರ ಆಗ್ತದಾ ಮಾಪಳೆ? ಅವಳು ಹೋದ್ಲು. ಇವಳನ್ನೂ ಕಳಿಸ್ಬುಟ್ಟು ನಾನ್ ಯಾರ್ ಮುಖ ನೋಡ್ಲಿ?”

ಹೊಗಳಿಕೆಯಿಲ್ಲ, ಪೀಠಿಕೆಯಿಲ್ಲ.

“ನೀವೇ ಪೆಟ್ಟಿ ತಕ್ಕೊಂಡು ಬಂದ್ಬುಡಿ,” ಎಂದು ಹೇಳಿ ಅವರು ಎಲೆ ಹಾಕಲು ಒಳಗೆ ಹೋದರು.

ಆ ವಾರವೇ ಮನೆ ಖಾಲಿ ಮಾಡಿ ಹೋದೆ. ಧಾರಾಪುರದಿಂದ ದಿನಾ ಬಸ್ಸಿನಲ್ಲಿ ಕಂಪನಿಗೆ ಬರತೊಡಗಿದೆ. ಒಂದು ಬೆಳಿಗ್ಗೆ ತಿರುಪ್ಪೂರು ಬಸ್ ಸ್ಟ್ಯಾಂಡಿನಲ್ಲಿ ಜ್ಞಾನರಾಜ್ ಸಿಕ್ಕರು.

“ಭಾಷಣ ಫಲ ಕೊಟ್ಟಿತಾ ಸಾರ್?”

“ಒಬ್ಬರ ಮನಸ್ಸಂತೂ ಪೂರ್ತಿ ಬದಲಾಯಿತು,” ಎಂದೆ.

ಉಪದೇಶಿಗೆ ಬಹಳ ಸಂತೋಷವಾಯಿತು. ಯಾರ ಮನಸ್ಸು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.