ನೆಲ ನೋಡುವ ಫ್ಯಾನು

ಯಾವ ವಸ್ತುವನ್ನೇ ಕೊಳ್ಳಲಿ, ತಿರುವಿ ಹಾಕಿ ಬುಡ ನೋಡದೆ ಮನೆಗೆ ತರಬಾರದು. ಗಡಿಗೆಯಾದರೆ ಬೆರಳಿನಿಂದ ಬಾರಿಸಿ ಕೇಳಬೇಕು, ಎಮ್ಮೆಯಾದರೆ ಬಾಯಿ ಬಿಡಿಸಿ ಹಲ್ಲು ನೋಡಬೇಕು, ಬೀಗರಾದರೆ ಅವರ ಓಣಿಯ ಕಿರಾಣಿ ಅಂಗಡಿಯಲ್ಲಿ ವಿಚಾರಿಸಬೇಕು. ಈ ಸೂತ್ರಗಳ ಬಲದಿಂದಲೇ ಬರಿಗೈಯವನಾಗಿದ್ದ ನಾನು ಅಥಣಿಯ ಹತ್ತಿರ ದ್ರಾಕ್ಷಿ ತೋಟ ಮಾಡಿ, ಒಣದ್ರಾಕ್ಷಿಯ ಶೆಡ್ಡು ಎಬ್ಬಿಸಿ, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಮಟ್ಟಕ್ಕೆ ಬಂದದ್ದು. ಅಂಥವನು ಕಂಪ್ಯೂಟರ್ ಕೊಳ್ಳುವಾಗ ಮಾತ್ರ ಬುಡ ನೋಡಲಿಲ್ಲ. ಹೊರಗೆ ಗಾಜು, ಒಳಗೆ ಬಣ್ಣದ ದೀಪ. ಕಣ್ಣು ಅಲ್ಲೇ ನಿಂತುಬಿಟ್ಟಿತು.

ಕಂಪ್ಯೂಟರ್ ಬೇಕಾದದ್ದು ನನ್ನ ಸೊಸೆ ಸವಿತಾಳಿಗೆ. ಮದುವೆಯ ಫೋಟೊ ಆಲ್ಬಮ್ ಜೋಡಿಸುವುದನ್ನು ಕಲಿತಿದ್ದಳು. ಸದಲಗಾದ ಒಂದು ಮನೆಯವರು ಮೊದಲ ಕೆಲಸ ಒಪ್ಪಿಸಿ, ಮದುಮಗಳು ಗಂಡನ ಊರಿಗೆ ಹೊರಡುವುದರೊಳಗೆ ಆಲ್ಬಮ್ ಕೈಗೆ ಬರಬೇಕು, ತಡವಾದರೆ ಬೇಡವೇ ಬೇಡ ಎಂದಿದ್ದರು. ಮೊದಲ ಕೆಲಸ ಕೆಟ್ಟರೆ ಎರಡನೆಯದು ಯಾರು ಕೊಡುತ್ತಾರೆ? ಚಿಕ್ಕೋಡಿಯ ಅಂಗಡಿಯವನ ಜೊತೆ ಗಂಟಲು ಒಣಗುವ ತನಕ ಚೌಕಾಸಿ ಮಾಡಿ ಪೆಟ್ಟಿಗೆ ಹೊತ್ತು ತಂದೆ. ಬಾಗಿಲಲ್ಲೇ ಅವ್ವ ತಡೆದಳು. ನಮ್ಮ ಮನೆಗೆ ಹೊಸದಾಗಿ ಬಂದ ಯಾವುದೂ ಬರಿ ನೆಲದ ಮೇಲೆ ಕೂರುವಂತಿಲ್ಲ. ಮಿಕ್ಸರು, ಟಿವಿ, ಸ್ವತಃ ಸವಿತಾ, ಎಲ್ಲರೂ ಮೊದಲು ಅವ್ವ ಹೊಲಿದ ಕೌದಿಯ ಮೇಲೆ ಕೂತವರೇ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಸೇರಿಸಿ ಹೊಲಿದ ಆ ಕೌದಿಯನ್ನು ದಪ್ಪಗೆ ಮಡಚಿ, ಅದರ ಮೇಲೆ ಕಂಪ್ಯೂಟರನ್ನು ಕೂರಿಸಿ, ಕುಂಕುಮ ಹಚ್ಚಿದಳು. ಮೆತ್ತಗೆ ಕೂತಿತು ಎಂದು ನನಗೂ ಸಮಾಧಾನವಾಯಿತು.

ಕೆಲಸ ಶುರುವಾದ ಮೇಲೆ ಅದು ನಡುನಡುವೆ ಪ್ರಾಣ ಬಿಡತೊಡಗಿತು. "ಮಾಮಾ, ಮತ್ತ ಬಂದ್ ಬಿತ್ತು ನೋಡ್ರಿ," ಎಂದಳು ಸವಿತಾ. "ಅಕ್ಷತಾ ಹಾಕೂ ಪೇಜು ಮಾಡಾಕತ್ತಿದ್ದೆ. ಮದುಮಗ ಹ್ವಾದ, ಮದುಮಗಳು ಒಬ್ಬಾಕಿನ ಉಳದಾಳ." ಮುಟ್ಟಿ ನೋಡಿದರೆ ಪೆಟ್ಟಿಗೆ ಹೆಂಚಿನಂತೆ ಕಾದಿತ್ತು. ಎತ್ತಿ ಮಂಚದ ಮೇಲೆ ಅಡ್ಡ ಮಲಗಿಸಿದೆ, ಬುಡ ನೋಡಿದೆ, ದಂಗಾದೆ. ಕರೆಂಟು ಹಂಚುವ ಡಬ್ಬಿ ಒಂದಿರುತ್ತದೆ, ಎಸ್‌ಎಂಪಿಎಸ್ ಅನ್ನುತ್ತಾರೆ. ಅದು ಪೆಟ್ಟಿಗೆಯ ತಳದಲ್ಲಿತ್ತು. ಅದರ ಫ್ಯಾನು ಮುಖ ಕೆಳಗೆ ಹಾಕಿಕೊಂಡು ನೆಲ ನೋಡುತ್ತಿತ್ತು. ಕಲಿತವನೊಬ್ಬ ಫ್ಯಾನನ್ನು ಬೋರಲು ಕೂರಿಸುವುದೆಂದರೇನು? ಗಾಳಿಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಣದ್ರಾಕ್ಷಿ ಮಾಡುವುದೇ ಗಾಳಿ. ನನ್ನ ಶೆಡ್ಡಿನಲ್ಲಿ ಬಲೆಯ ಅಟ್ಟಗಳ ಕೆಳಗೆ ಯಾರಾದರೂ ಒಂದು ಖಾಲಿ ಚೀಲ ಒತ್ತರಿಸಿಟ್ಟರೂ, "ಬುಡದಾಗಿಂದ ಗಾಳಿ ಬರಲಿಲ್ಲಂದ್ರ ಮಾಲು ಮುಗ್ಗತೈತಿ," ಎಂದು ಕಾಗವಾಡಕ್ಕೆ ಕೇಳುವಂತೆ ಕೂಗುವವನು ನಾನು. ಫ್ಯಾನಿನ ಜಾಲರಿಗೆ ಮೆತ್ತಿದ್ದ ಬಣ್ಣಬಣ್ಣದ ಧೂಳನ್ನು ಟಾವೆಲಿನಿಂದ ಒರೆಸಿ, ಪೆಟ್ಟಿಗೆಯನ್ನು ಕಾರಿಗೆ ಹಾಕಿಕೊಂಡು ಚಿಕ್ಕೋಡಿಗೆ ಹೊರಟೆ.

ಅಂಗಡಿಯವನು ಅದನ್ನು ಗಾಜಿನ ಕೌಂಟರಿನ ಮೇಲಿಟ್ಟು ಚಾಲೂ ಮಾಡಿದ. ಚಹಾ ಆಯಿತು, ಊಟದ ಹೊತ್ತೂ ಆಯಿತು, ಅದು ತಣ್ಣಗೆ ಓಡುತ್ತಲೇ ಇತ್ತು. ಮನೆಯಲ್ಲಿ ಅತ್ತು ಕರೆದು ಡಾಕ್ಟರ ಮುಂದೆ ನಗುವ ಮಗುವಿನ ಹಾಗೆ.

"ಫ್ಯಾನ್ ಮ್ಯಾಲ ಮಾಡಿ ಹಾಕ್ಪಾ ತಮ್ಮಾ," ಎಂದೆ.

"ಬೇಕಂದ್ರ ತಿರುವಿ ಕೊಡ್ತೀನ್ರಿ ಕಾಕಾ. ಆದ್ರ ಅದು ಕೆಳಗಿನ ತಣ್ಣನ ಗಾಳಿ ಬಿಟ್ಟು ಒಳಗಿನ ಬಿಸಿನ ಎಳೀತೈತಿ. ಮನ್ಯಾಗ ಎಲ್ಲಿ ಇಟ್ಟೀರಿ? ನೆಲದ ಮ್ಯಾಲೇನ್ರಿ?"

ಆ ಪ್ರಶ್ನೆಯೇ ನನಗೆ ಅವಮಾನವೆನಿಸಿತು. "ನೆಲದ ಮ್ಯಾಲ ಇಡಾಕ ನಾವೇನು ಬೀದ್ಯಾಗ ಇರ್ತೀವೇನು? ನಮ್ಮ ಮನ್ಯಾಗ ಅದಕ್ಕ ಮಾನ ಐತಿ. ಎತ್ತರಕ್ಕ ಕುಂಡ್ರಿಸೇವಿ."

"ಎತ್ತರಕ್ಕ ಐತಂದ್ರ ಗಾಳಿ ಆಡತೈತಿ ಬಿಡ್ರಿ," ಎಂದು ಅವನು ತಲೆ ಕೆರೆದುಕೊಂಡ. ಬಂದ ದಾರಿಗೆ ಸುಂಕವಿರಲೆಂದು ಮುಂದಿನ ಬದಿಗೆ ಇನ್ನೊಂದು ಫ್ಯಾನನ್ನು ಪುಕ್ಕಟೆ ಹಾಕಿಸಿಕೊಂಡೇ ಎದ್ದೆ. ಅಂಗಡಿಯವರು ಗೊಂದಲದಲ್ಲಿದ್ದಾಗಲೇ ಕೇಳಬೇಕು, ಇದೂ ನೆನಪಿರಲಿ.

ಮನೆಗೆ ತಂದು, ಮತ್ತೆ ಕೌದಿಯ ಮೇಲೆ ಕೂರಿಸಿದೆವು. ಸವಿತಾ ಉಳಿದ ಪುಟಗಳನ್ನು ಹಿಡಿದಳು. ಮರುದಿನವೇ ಆಲ್ಬಮ್ ಛಾಪಿಸಲು ಕಳಿಸಬೇಕು. ತಾಳಿ ಕಟ್ಟುವ ಪುಟಕ್ಕೆ ಬಂದಾಗ ಪೆಟ್ಟಿಗೆ ಮತ್ತೆ ಕಣ್ಣು ಮುಚ್ಚಿತು. ಅಂಗಡಿಯವನಿಗೆ ಫೋನು ಹಚ್ಚಿ, ಫ್ಯಾನಿನಿಂದ ಹಿಡಿದು ಅವನು ಕಲಿತ ವಿದ್ಯೆಯ ತನಕ ಜಾಡಿಸತೊಡಗಿದೆ. ಸವಿತಾ ನನ್ನ ದಾರಿ ಕಾಯಲಿಲ್ಲ. ಪೆಟ್ಟಿಗೆಯನ್ನು ಅಡುಗೆಮನೆಯ ಕಲ್ಲಿನ ಕಟ್ಟೆಗಾದರೂ ಒಯ್ದು ನೋಡೋಣವೆಂದು ಎತ್ತಿದಳು. ಕೌದಿಯೂ ಜೊತೆಗೆ ಎದ್ದಿತು. ಅದರ ಎಳೆಗಳು ಫ್ಯಾನಿನ ಜಾಲರಿಗೆ ಸಿಕ್ಕಿಕೊಂಡಿದ್ದವು. ಪೆಟ್ಟಿಗೆಯ ರಬ್ಬರ್ ಕಾಲುಗಳು ಹೂತು ಹೋದಲ್ಲಿ ನಾಲ್ಕು ಕುಣಿ. ನಡುವೆ ತಾಟಿನಗಲದ ದುಂಡನೆಯ ಗುರುತು, ಮುಟ್ಟಿದರೆ ಬೆಚ್ಚಗೆ. ನಾನು ಒರೆಸಿದ್ದ ಆ ಬಣ್ಣಬಣ್ಣದ ಧೂಳು ಅವ್ವನ ಇಳಕಲ್ ಸೀರೆಯದು.

"ಕಾಕಾ, ಹಲೋ, ಏನಾತ್ರಿ?" ಎಂದು ಫೋನಿನಲ್ಲಿ ಅವನು ಕೇಳುತ್ತಲೇ ಇದ್ದ. "ಏನಿಲ್ಲಪಾ, ಊಟಾತೇನು?" ಎಂದೆ.

ಸವಿತಾ ಆಡಿದ್ದು ಒಂದೇ ಮಾತು: "ಬುಡದಾಗಿಂದ ಗಾಳಿ ಬರಲಿಲ್ಲಂದ್ರ ಮಾಲು ಮುಗ್ಗತೈತೇನ್ರಿ ಮಾಮಾ?" ಕಲ್ಲಿನ ಕಟ್ಟೆಯ ಮೇಲೆ, ಒಗ್ಗರಣೆಯ ಘಾಟಿನಲ್ಲೇ, ಮದುಮಗಳ ಕೊರಳಿಗೆ ತಾಳಿ ಬಿತ್ತು, ಮದುಮಗನೂ ಮರಳಿ ಬಂದ, ಆಲ್ಬಮ್ ಹೊತ್ತಿಗೆ ಸರಿಯಾಗಿ ಸದಲಗಾ ಮುಟ್ಟಿತು. ಆ ಮನೆಯವರ ಬೀಗರು ಈಗ ಇನ್ನೊಂದಕ್ಕೆ ಹೇಳಿದ್ದಾರೆ.

ಉಳಿದದ್ದು ಅವ್ವನಿಗೆ ಹೇಳುವ ಕೆಲಸ. ಸಂತೆಯಲ್ಲಿ ಯಾರಿಗೂ ಸೋಲದ ನಾನು ಅವಳೆದುರು ನಿಂತು, ಕಂಪ್ಯೂಟರಿಗೆ ಕೌದಿ ಬೇಡವೆಂದೂ, ಅದರ ಮೇಲೆ ಕೂತರೆ ಬಿಸಿಯಾಗಿ ತಾನಾಗಿಯೇ ಬಂದ್ ಬೀಳುತ್ತದೆಂದೂ, ಗಾಳಿಯ ಶಾಸ್ತ್ರವನ್ನು ಶೆಡ್ಡಿನಿಂದ ಶುರುಮಾಡಿ ವಿವರಿಸಿದೆ. ಅವ್ವ ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿ ಸೊಸೆಯ ಕಡೆ ತಿರುಗಿದಳು.

"ಸವಿತಾ, ಆ ಕೌದಿ ತಗೊಂಡು ನಿಮ್ಮ ಮಾಮಾನ ಬುಡಕ ಹಾಸವಾ. ಇಂವನೂ ಬಂದ್ ಬೀಳ್ತಾನೇನ ನೋಡೂನು."

ಅಂದಿನಿಂದ ನಾನು ಅದರ ಮೇಲೆಯೇ ಕೂರುತ್ತೇನೆ. ಇದನ್ನು ಬರೆದದ್ದೂ ಅಲ್ಲೇ ಕೂತು. ಬೆಚ್ಚಗೇನೋ ಆಗುತ್ತದೆ; ಆದರೆ ಗಡಿಗೆ ಕೊಳ್ಳುವ ವಿಷಯದಲ್ಲಿ ನಿಮಗೆ ಇನ್ನೂ ಒಂದೆರಡು ಮಾತು ಹೇಳುವುದಿದೆ.